ಹರಿದ ಕಿವಿ

ಕಾಫಿಯ ಲೋಟವನ್ನು ತುಟಿಯ ಹತ್ತಿರ ತಂದ ಹನುಮಂತರಾಯಪ್ಪ ಅದನ್ನು ಹಾಗೆಯೇ ಹಿಡಿದುಕೊಂಡು ಕೂತುಬಿಟ್ಟಿದ್ದ. ಲೋಟದ ಅಂಚಿನಲ್ಲಿ ಒಂದು ಕಡೆ ಕಲಾಯಿ ಎದ್ದುಹೋಗಿ ಒಳಗಿನ ಹಿತ್ತಾಳೆ ಉಗುರಿನಷ್ಟಗಲ ಹಳದಿಯಾಗಿ ಕಾಣುತ್ತಿತ್ತು. ಆ ಹಳದಿಯ ಸುತ್ತ ಕಲಾಯಿ ಕೆರೆಯ ದಂಡೆಯ ಹಾಗೆ ಸೊಟ್ಟಸೊಟ್ಟಗೆ ಹೋಗಿತ್ತು. ಅವನ ಕಣ್ಣು ಆ ದಂಡೆಗುಂಟ ಒಂದು ಸುತ್ತು ಹೋಗಿಬಂದು ಮತ್ತೆ ಹೊರಟಿತ್ತು. ರುಕ್ಮಿಣಮ್ಮ ಒಲೆಯ ಮುಂದೆ ಕೂತು ಏನೋ ಹೇಳುತ್ತಿದ್ದಳು. ಅವಳ ಮಾತು ನಿಂತ ಮೇಲೆಯೇ, ಗಡಿಯಾರ ನಿಂತಾಗ ಸದ್ದು ಇತ್ತೆಂದು ತಿಳಿಯುವ ಹಾಗೆ, ಅವಳು ಇಷ್ಟು ಹೊತ್ತು ಮಾತಾಡುತ್ತಿದ್ದಳೆಂದು ಅವನಿಗೆ ತಿಳಿದದ್ದು. 'ಕೇಳಿಸ್ತಾ ನಿಮಗೆ?' ಎಂದಳು. 'ಏನು?' ಎಂದ. ಅವಳು ಊದುಗೊಳವೆ ತೆಗೆದುಕೊಂಡು ಒಲೆ ಊದಿದಳು. 'ಏನೂ ಇಲ್ಲ ಬಿಡಿ' ಎಂದಳು. ಸಿಟ್ಟಿನಿಂದ ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳ ದನಿಯಲ್ಲಿ ಸಿಟ್ಟು ಹೋಗಿ ಬಹಳ ದಿನವಾಗಿತ್ತು.

ದೇವನಹಳ್ಳಿಯ ಕೋಟೆಯ ಗೋಡೆಯ ಪಕ್ಕದಲ್ಲಿ, ತಾನು ಕೆಲಸ ಮಾಡುವ ಫೋಟೋ ಅಂಗಡಿಗೆ ನಡೆಯುತ್ತ ಅವಳು ಏನು ಹೇಳಿರಬಹುದು ಎಂದು ಯೋಚಿಸಿದ. ಇವತ್ತು ಸಂತೆ, ಹುರುಳಿಕಾಳು ತನ್ನಿ ಎಂದಿರಬಹುದು. ಅಥವಾ ಮಗುವಿನ ಮಾತೇನಾದರೂ ಎತ್ತಿದಳೋ. ಗೋಡೆಯ ಕಲ್ಲುಗಳ ನಡುವೆ ಗಾರೆ ಬಿಟ್ಟುಕೊಂಡ ಕಡೆ ಇರುವೆಗಳು ಮೊಟ್ಟೆ ಹೊತ್ತುಕೊಂಡು ಹೋಗುತ್ತಿದ್ದವು. ಅವನಿಗೆ ಈ ಕೋಟೆ ಯಾವತ್ತೂ ಕೋಟೆಯಾಗಿ ಕಂಡದ್ದಿಲ್ಲ. ಹುಡುಗನಾಗಿದ್ದಾಗ ಅಪ್ಪ ಬುರುಜಿನ ಮೇಲೆ ಹತ್ತಿಸಿ, 'ನೋಡೋ, ಊರು ಹೆಂಗೆ ಕಾಣ್ತದೆ' ಎಂದು ಕೈ ಬೀಸಿ ತೋರಿಸಿದ್ದ. ಇವನು ಕಾಲ ಬುಡದಲ್ಲಿ ಬಿರುಕಿನೊಳಗೆ ಅರ್ಧ ಬಾಲ ಹೋಗಿದ್ದ ಹಲ್ಲಿಯನ್ನು ನೋಡುತ್ತ ನಿಂತಿದ್ದ. ಮನೆಗೆ ಬಂದು ಅಮ್ಮನಿಗೆ ಹಲ್ಲಿಯ ಬೆನ್ನಿನ ಚುಕ್ಕೆಗಳನ್ನು ಮಣ್ಣಿನಲ್ಲಿ ಬರೆದು ತೋರಿಸಿದ. ಅವು ಸರಿಯಾಗಿದ್ದವು. ಮಗ ಚಿತ್ರ ಬರೆಯುತ್ತಾನೆಂದು ಅಪ್ಪನಿಗೆ ಸಂತೋಷವಾಯಿತು. ಆ ಸಂತೋಷದಲ್ಲೇ ದೊಡ್ಡವನಾದ ಮೇಲೆ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅರಳೇಪೇಟೆಯಲ್ಲಿ ದೇವರ ಪಟ ಬರೆಯುತ್ತಿದ್ದ ಒಬ್ಬ ಮೇಷ್ಟರ ಬಳಿ ಬಿಟ್ಟು ಬಂದ. ಮೇಷ್ಟರು ಒಳ್ಳೆಯವರೇ. 'ಕಣ್ಣು ಅರ್ಧ ಮುಚ್ಚಿಕೊಂಡು ನೋಡೋ' ಎನ್ನುತ್ತಿದ್ದರು. 'ಎಲ್ಲಾ ಮಸುಕಾಗಲಿ. ಮಸುಕಾದ ಮೇಲೆ ಉಳೀತದಲ್ಲ, ಅದನ್ನ ಬರಿ.' ಅರ್ಧ ಮುಚ್ಚಿದರೆ ಅವನಿಗೆ ತನ್ನ ರೆಪ್ಪೆಯ ಕೂದಲೇ ಕಾಣುತ್ತಿತ್ತು. ಅವನು ಬರೆದ ಲಕ್ಷ್ಮಿಯ ಪಟದಲ್ಲಿ ಬಳೆಯ ಗೀರುಗಳೂ ತಾವರೆಯ ಎಸಳಿನ ನರಗಳೂ ಇದ್ದವು, ಲಕ್ಷ್ಮಿ ಇರಲಿಲ್ಲ. ಕೊನೆಗೊಂದು ದಿನ ಮೇಷ್ಟರು ಉಳಿದ ಹುಡುಗರ ಎದುರಿಗೇ, 'ನೀನು ನೋಡೋದಿಲ್ಲ ಕಣಯ್ಯ, ಎಣಿಸ್ತೀಯ. ಲೆಕ್ಕದ ಕೆಲಸಕ್ಕೆ ಹೋಗು, ಮುಂದಕ್ಕೆ ಬರ್ತೀಯ' ಎಂದರು. ಹುಡುಗರು ನಕ್ಕರು. ಮೇಷ್ಟರು ಅದನ್ನು ನಗಿಸಲಿಕ್ಕೆಂದು ಅಂದಿರಲಿಲ್ಲ. ಅದಕ್ಕೇ ಅದು ಇಷ್ಟು ವರ್ಷ ಉಳಿದುಕೊಂಡಿತು.

ಕಣ್ಣು ಹೋದ ದಾರಿಯಲ್ಲೇ ಬುದ್ಧಿಯೂ ಹೋಗುತ್ತದೆಯೋ, ಅಥವಾ ಬುದ್ಧಿಯೇ ಹಾಗಿರುವುದರಿಂದ ಕಣ್ಣು ಸಣ್ಣದನ್ನೇ ಹಿಡಿದುಕೊಂಡು ಕೂರುತ್ತದೆಯೋ ಎಂದು ಅವನು ಎಷ್ಟೋ ಸಲ ಯೋಚಿಸಿದ್ದ. ನಿಂತ ಗಡಿಯಾರವನ್ನು ಬಿಚ್ಚಿದರೆ ಯಾವ ಚಕ್ರದ ಹಲ್ಲು ಸವೆದಿದೆಯೆಂದು ಅವನಿಗೆ ಕೂಡಲೇ ಕಾಣುತ್ತಿತ್ತು. ಹೊಲದ ಜಗಳದಲ್ಲಿ ಯಾರ ಮಾತು ಎಲ್ಲಿ ತಪ್ಪಿತು ಎಂದು ಬಿಡಿಸಿ ಹೇಳಬಲ್ಲವನಾಗಿದ್ದ. ಆದರೆ ಇಬ್ಬರಿಗೂ ಒಳಗೆ ಏನು ಬೇಕಾಗಿತ್ತು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ರುಕ್ಮಿಣಮ್ಮನಿಗೆ ಅದೇ ತಿಳಿಯುತ್ತಿತ್ತು. ಕೆರೆ ಏರಿಯ ಮೇಲೆ ಯಾರೋ ಬರುತ್ತಿದ್ದರೆ ಅಷ್ಟು ದೂರದಿಂದಲೇ 'ಪಿಳ್ಳಪ್ಪ ಬರ್ತಿದಾನೆ, ಮನೇಲೇನೋ ಸರಿಯಿಲ್ಲ' ಎನ್ನುವಳು. ಇವನಿಗೆ ಅಂಗಿಯ ಗುಂಡಿ ಕಾಣುವಷ್ಟು ಹತ್ತಿರ ಬರುವವರೆಗೆ ಯಾರೆಂದು ಗೊತ್ತಾಗುತ್ತಿರಲಿಲ್ಲ.

ಮಗಳು ಲಚ್ಚಿಗೆ ಜ್ವರ ಬಂದಾಗಲೂ ಹಾಗೆಯೇ ಆಯಿತು. ಮಗುವಿನ ಎಡಗೈಯ ಮೇಲೆ ಒಂದು ಕೆಂಪು ಗುಳ್ಳೆ ಎದ್ದಿತ್ತು. ಏನೋ ಹುಳ ಮುಟ್ಟಿದೆ, ಅದರ ನಂಜಿಗೇ ಜ್ವರ ಎಂದು ಅವನಿಗೆ ಖಾತ್ರಿಯಾಯಿತು. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಗುಳ್ಳೆಯನ್ನು ನೋಡುತ್ತಿದ್ದ. ಗುಳ್ಳೆ ಇಳಿಯುತ್ತಿತ್ತು. 'ಕಮ್ಮಿಯಾಗ್ತಾ ಇದೆ ಕಣೇ' ಎಂದು ಹೆಂಡತಿಗೆ ಹೇಳುತ್ತಿದ್ದ. 'ನೀವು ಕೈ ನೋಡ್ತಿದೀರಿ. ಮಗುನ್ನ ನೋಡಿ. ಅವಳು ಅವಳ ಥರ ಇಲ್ಲ, ನನಗೆ ಹೆದರಿಕೆಯಾಗ್ತಿದೆ, ಆಸ್ಪತ್ರೆಗೆ ಹೋಗೋಣ' ಎಂದಳು ರುಕ್ಮಿಣಮ್ಮ. 'ಇನ್ನೊಂದು ದಿನ ನೋಡೋಣ' ಎಂದ. ಗುಳ್ಳೆ ಪೂರ್ತಿ ಮಾಯವಾದ ದಿನ ಮಗು ತೀರಿಕೊಂಡಿತು. ಫೋಟೋ ಅಂಗಡಿಯಲ್ಲಿ ಕೆಲಸ ಮಾಡುವವನ ಮಗಳದು ಒಂದು ಫೋಟೋ ಇರಲಿಲ್ಲ. ಇವತ್ತು ತೆಗೆದರಾಯಿತು, ನಾಳೆ ತೆಗೆದರಾಯಿತು ಎಂದು ಉಳಿದುಹೋಗಿತ್ತು. ವರ್ಷ ಕಳೆದ ಮೇಲೆ ರುಕ್ಮಿಣಮ್ಮ ಒಂದು ಸಂಜೆ, ತಾನೇ ನಾಚಿಕೊಂಡವಳ ಹಾಗೆ, 'ಅವಳನ್ನ ಒಂದು ಸಲ ಬರೆದುಕೊಡ್ತೀರಾ' ಎಂದು ಕೇಳಿದಳು. ಅವನು ಬರೆದ. ಹುಬ್ಬಿನ ನಡುವಿನ ಸುಳಿ, ಸಿಡುಬಿನ ಚುಚ್ಚುಮದ್ದಿನ ಗುರುತು, ಮುಂದಿನ ಹಲ್ಲಿನ ಸಂದು, ಒಂದನ್ನೂ ಬಿಡಲಿಲ್ಲ. ಅವಳು ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. 'ಎಲ್ಲಾ ಇದೆ' ಎಂದಳು. ಆಮೇಲೆ ಅದನ್ನು ಮಡಿಸಿ ಅಕ್ಕಿಯ ಡಬ್ಬದ ಅಡಿಗೆ ಇಟ್ಟಳು. ಅವನು ಮಗಳನ್ನು ನೆನೆಯಲು ಕಣ್ಣು ಮುಚ್ಚಿದರೆ ಬರುತ್ತಿದ್ದದ್ದೂ ಅವೇ, ಸುಳಿ, ಗುರುತು, ಸಂದು, ಸಂತೆಯಲ್ಲಿ ಬಿಡಿಬಿಡಿಯಾಗಿ ಹರವಿಟ್ಟ ಸಾಮಾನಿನ ಹಾಗೆ. ಅವುಗಳನ್ನು ಕೂಡಿಸಿದರೆ ಯಾರೂ ಬರುತ್ತಿರಲಿಲ್ಲ.

ಅಂಗಡಿಯ ಮಾಲೀಕ ವೆಂಕಟರಾಯಪ್ಪ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಕ್ಯಾಮರಾ ಹಿಡಿದು ಊರೂರು ಸುತ್ತಿ ಮದುವೆ, ಗೃಹಪ್ರವೇಶದ ಫೋಟೋ ತೆಗೆದು ತರುವವನು ಅವನು. ಚಿತ್ರ ಮೂಡಿದ ಗಾಜಿನ ಪ್ಲೇಟುಗಳ ಮೇಲೆ ಮುಖದ ಕಲೆ, ಗೀರುಗಳನ್ನು ಸಣ್ಣ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತಿದ್ದುವವನು ಹನುಮಂತರಾಯಪ್ಪ. ಕಿಟಕಿಯ ಬಳಿ ಓರೆಯಾದ ಮೇಜು, ಕೆಳಗೆ ಬೆಳಕು ಹೊಡೆಯಲು ಒಂದು ಕನ್ನಡಿ. ಇವತ್ತು ಮೇಜಿನ ಮೇಲೆ ಯಾರೋ ಮದುವಣಿಗನ ಮುಖವಿತ್ತು, ತುಂಬ ಸಿಡುಬಿನ ಕುಳಿ. ಒಂದೊಂದು ಕುಳಿಯನ್ನೂ ಮುಚ್ಚುತ್ತ ಹೋದ. ಮದುವಣಿಗ ಯಾವ ಥರದವನು, ನಗುತ್ತಿದ್ದಾನೋ ಬಿಗಿದುಕೊಂಡಿದ್ದಾನೋ ಎಂದು ಕೇಳಿದ್ದರೆ ಅವನಿಂದ ಹೇಳಲಾಗುತ್ತಿರಲಿಲ್ಲ. ಅವನಿಗೆ ಈ ಕೆಲಸ ಹಿತವಾಗಿತ್ತು. ಇಲ್ಲಿ ಯಾರೂ ಅವನಿಂದ ಇಡೀ ಮುಖವನ್ನು ಕೇಳುತ್ತಿರಲಿಲ್ಲ. ಒಂದು ಸಲ ಮಾತ್ರ ಕೇಳಿದ್ದರು.

ಬೂದಿಗೆರೆಯ ಮುನಿವೆಂಕಟಮ್ಮ ಬಂದದ್ದು ಈ ಬೇಸಿಗೆಯಲ್ಲಿ. ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಅವಳ ಒಬ್ಬನೇ ಮಗ ಆಂಜಿನಪ್ಪ ಪಟಾಲಮ್ಮಿಗೆ ಸೇರಿ ಸಿಂಗಪುರದ ಕಡೆ ಹೋದವನು ಪತ್ತೆಯಿಲ್ಲವೆಂದು ಸರ್ಕಾರ ಎಂದೋ ತಿಳಿಸಿತ್ತು. ಈಗ ಹೊಸಕೋಟೆ ಕಡೆಯ ಜವರಪ್ಪ ಎಂಬ ಸಿಪಾಯಿ ಜಪಾನಿನವರ ಸೆರೆಯಿಂದ ಬಿಡುಗಡೆಯಾಗಿ ಊರಿಗೆ ಬಂದಿದ್ದ. ಅವನ ಹತ್ತಿರ ಬಿಡುಗಡೆಯ ದಿನ ಯಾವುದೋ ಬಂದರಿನಲ್ಲಿ ತೆಗೆದ ಫೋಟೋ ಒಂದಿತ್ತು. ಸಾಲುಸಾಲಾಗಿ ನಿಂತ ಬಡಕಲು ಗಂಡಸರು. ಹಿಂದಿನ ಸಾಲಿನಲ್ಲಿ ಅರ್ಧ ಪಕ್ಕಕ್ಕೆ ತಿರುಗಿಕೊಂಡ ಒಂದು ಮಸುಕು ಮುಖ, ಅವರೆಕಾಳಿನಷ್ಟು. ಆ ಸಾಲಿನವರು ಯಾರೋ ತನಗೆ ಗೊತ್ತಿಲ್ಲವೆಂದು ಜವರಪ್ಪ ಹೇಳಿದರೂ ಮುದುಕಿ ಫೋಟೋವನ್ನು ಕೈಬಿಡಲಿಲ್ಲವಂತೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಸೊಸೆಯನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. 'ನನ್ ಮಗ ಕಣಪ್ಪ ಇವ್ನು' ಎಂದಳು. 'ನಿಂತಿರೋದು ನೋಡು, ಅಂಗೇ, ಅವರಪ್ಪನಂಗೇ. ಇವುನ್ನ ದೊಡ್ದಾಗಿ ಮಾಡ್ಕೊಡು.' ಗುರುತು ಏನಾದರೂ ಇದೆಯೇನಮ್ಮ ಎಂದು ಇವನು ಕೇಳಿದ. 'ಎಡಗಿವಿ ಹರಿದೈತೆ. ಮಗೀನಲ್ಲಿ ಬಾವಿ ಹಗ್ಗಕ್ಕೆ ಕಿವೀ ಒಂಟಿ ಸಿಕ್ಕಾಕ್ಕೊಂಡು ಹರಿದೋಯ್ತು. ಎಲ್ಡು ಸೀಳು.' ಅವನು ಭೂತಗನ್ನಡಿ ಇಟ್ಟು ನೋಡಿದ. ಮಿಕ್ಕದ್ದೆಲ್ಲ ಮಸುಕು. ಆದರೆ ಬಿಸಿಲು ಆ ಕಡೆಯಿಂದ ಬಿದ್ದಿದ್ದರಿಂದ ಎಡಗಿವಿ ಮಾತ್ರ ಚೊಕ್ಕವಾಗಿತ್ತು. ಕಿವಿಯ ತುದಿ ದುಂಡಗೆ, ಇಡಿಯಾಗಿತ್ತು. ಅವನು ತಲೆಯೆತ್ತಿದ. ಮುದುಕಿ ಬೆರಳ ತುದಿಯಲ್ಲಿ ಆ ಮುಖವನ್ನು, ಮಗುವಿನ ಹಣೆ ಬಿಸಿಯಿದೆಯೇ ಎಂದು ನೋಡುವವರ ಹಾಗೆ, ಮುಟ್ಟಿ ಮುಟ್ಟಿ ತೆಗೆಯುತ್ತಿದ್ದಳು. 'ಆಗಲಮ್ಮ' ಎಂದುಬಿಟ್ಟ.

ಆ ಫೋಟೋವಿಗೇ ಕ್ಯಾಮರಾ ಹಿಡಿದು, ದೊಡ್ಡ ಕಾಗದಕ್ಕೆ ಇಳಿಸಿದಾಗ ಮುಖವೆಲ್ಲ ಮರಳಿನ ಹಾಗೆ ಒಡೆದುಹೋಯಿತು. ಕಣ್ಣಿನ ಜಾಗದಲ್ಲಿ ಎರಡು ಕರಿ ತೇಪೆ. ಅದರ ಮೇಲೆ ಕರಿ ಪೆನ್ಸಿಲಿನಿಂದ ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಗೆರೆ ಕೂರಿಸುತ್ತ ಹೋದ; ಅಳಿಸಿದ; ಮತ್ತೆ ಕೂರಿಸಿದ. ಅಕ್ಕಿ ಡಬ್ಬದ ಅಡಿಯ ಹಾಳೆಯೇ ಮತ್ತೆ ಎದುರಿಗೆ ಬಂದು ನಿಂತಂತಿತ್ತು. ಒಂದು ಮಧ್ಯಾಹ್ನ ಮೋಡ ಕವಿದು ಬೆಳಕು ತಗ್ಗಿತ್ತು. ಭೂತಗನ್ನಡಿ ಹಿಡಿದು ಹಿಡಿದು ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹಿಂದಿನ ತೊಟ್ಟಿಯಲ್ಲಿ ಮುಖ ತೊಳೆದುಕೊಂಡು, ಒರೆಸಿಕೊಳ್ಳದೆ ತಿರುಗಿದ. ದೂರದಲ್ಲಿ ಮೇಜಿನ ಮೇಲೆ ಒಬ್ಬ ಮನುಷ್ಯನಿದ್ದ. ಏನೋ ಹೇಳಲು ಬಂದು, ಬೇಡವೆಂದು ತಡೆದುಕೊಂಡವನ ಮುಖ. ಹನುಮಂತರಾಯಪ್ಪ ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವನ ಹಾಗೆ ಹೆಜ್ಜೆಯಿಟ್ಟು ಹೋಗಿ, ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಎಳೆದ. ಎಲ್ಲಿ ಏನಿದೆಯೆಂದು ನೋಡಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು. ಮುಗಿದಾಗ ಕಾಗದದ ಮೇಲೆ ಒಬ್ಬ ಬದುಕಿದ್ದ. ಅದು ಆಂಜಿನಪ್ಪನಲ್ಲ, ಬಂದರಿನಲ್ಲಿ ನಿಂತಿದ್ದವನೂ ಬಹುಶಃ ಅಲ್ಲ, ಆದರೆ ಒಬ್ಬ. ಎಲ್ಲಕ್ಕಿಂತ ಕೊನೆಗೆ, ಭೂತಗನ್ನಡಿ ಇಟ್ಟುಕೊಂಡು, ಎಡಗಿವಿಯ ತುದಿಯಲ್ಲಿ ಒಂದು ಸಣ್ಣ ಗೆರೆ ಎಳೆದು ಸೀಳಿದ. ಅಂಥ ಸಂತೋಷವನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಬುತ್ತಿ ತಂದ ರುಕ್ಮಿಣಮ್ಮ ಬಾಗಿಲಲ್ಲೇ ನಿಂತಳು. 'ಯಾರು ಇವರು? ಮಾತಾಡೋ ಹಾಗಿದಾರೆ' ಎಂದಳು. ಆಮೇಲೆ ಅವಳು ಪಟವನ್ನು ಬಿಟ್ಟು ಅವನನ್ನು ನೋಡಿದಳು. ಬೇರೆಯವರ ಮಗನನ್ನು ಬರೆಯಲು ಕೈ ಬಂತು ಎಂದು ಅವಳು ಅನ್ನಲಿಲ್ಲ. ಬುತ್ತಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಸುಳ್ಳು ಬರೆದೆನೆಂಬುದಕ್ಕಿಂತ, ಬರೆಯುವಾಗ ತಾನು ಅಷ್ಟು ಸುಖಪಟ್ಟೆನೆಂಬುದೇ ಆಮೇಲೆ ಅವನನ್ನು ಚುಚ್ಚಿದ್ದು.

ಮದುವಣಿಗನ ಪ್ಲೇಟಿನ ಮೇಲೆ ಬಗ್ಗಿದ್ದವನನ್ನು 'ಅಣ್ಣಾ' ಎಂದು ಯಾರೋ ಕರೆದರು. ಹೊಸಿಲ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಅವನಿಗೆ ಅವಳ ಕಾಲುಂಗುರ ಕಂಡಿತು, ಕೈಯಲ್ಲಿ ಟವಲಿನಲ್ಲಿ ಸುತ್ತಿದ ಅಗಲವಾದ ವಸ್ತು ಕಂಡಿತು. ಅವಳು ಟವಲು ಬಿಚ್ಚಿದ ಮೇಲೆಯೇ ಅವಳು ಮುನಿವೆಂಕಟಮ್ಮನ ಸೊಸೆ ಪಿಳ್ಳಮ್ಮನೆಂದು ಗೊತ್ತಾದದ್ದು. ಅವತ್ತು ಅತ್ತೆಯ ಹಿಂದೆ ತಲೆಬಗ್ಗಿಸಿ ನಿಂತಿದ್ದವಳು. ಪಟಕ್ಕೆ ಕಟ್ಟು ಹಾಕಿಸಿದ್ದರು. ಗಾಜಿನ ಮೇಲೆ ಕುಂಕುಮದ ಬೊಟ್ಟು.

'ಗಾಜು ಒಡೀತೇನಮ್ಮ?' ಎಂದ.

'ಇಲ್ಲ. ಒಂದು ಮಾತು ಕೇಳ್ಬೇಕು. ನಿಜ ಹೇಳ್ಬೇಕು ನೀವು.' ಅವಳು ಪಟವನ್ನು ಮೇಜಿಗೆ ಒರಗಿಸಿ, ಅದರ ಕಡೆ ನೋಡದೆ ಕೇಳಿದಳು. 'ಈ ಕಿವಿ ಹರಿದೋರು ಯಾರು?'

ಅವನ ಕೈಯ ಪೆನ್ಸಿಲು ಪ್ಲೇಟಿನ ಮೇಲೆ ಕಿರ್ರೆಂದಿತು. 'ನಿಮ್ಮತ್ತೆಯೇ ಹೇಳಿದ್ರಲ್ಲ. ಬಾವಿ ಹಗ್ಗಕ್ಕೆ ಸಿಕ್ಕಿ…'

'ಅದು ಅವರ ಕಿವಿ. ನಾ ಕೇಳಿದ್ದು ಈ ಕಿವಿ.'

ಅವಳು ಮೆಲ್ಲಗೆ ಹೇಳತೊಡಗಿದಳು. 'ಜವರಪ್ಪಣ್ಣ ಫೋಟೋ ತಂದಾಗ ಮೊದ್ಲು ನನ್ ಕೈಗೇ ಕೊಟ್ರು. ನಾನೂ ಆಸೆಯಿಂದ್ಲೇ ನೋಡ್ದೆ. ಕಿವಿ ಇಡೀ ಇತ್ತು. ಅಷ್ಟ್ರಲ್ಲಿ ಅತ್ತೆ ಕಿತ್ಕೊಂಡ್ರು. ಮದ್ವೆಯಾಗಿ ಎಲ್ಡು ತಿಂಗ್ಳಿಗೇ ಪಟಾಲಮ್ಮಿಗೆ ಹೋದೋರು ಅವರು. ಮನೆ ತುಂಬಾ ದೊಡ್ಡೋರು, ಬೆಳಕಲ್ಲಿ ಮುಖ ಎತ್ತಿ ನೋಡಿದ್ದೇ ಇಲ್ಲ. ಕಿವಿ ಒಂದು ಗೊತ್ತು ನಂಗೆ.' ಅಂದದ್ದು ಹೆಚ್ಚಾಯಿತೆನಿಸಿತೇನೋ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. 'ನಮ್ಮಣ್ಣ ಮೂರು ಸಲ ಬಂದ. ನಮ್ಮಲ್ಲಿ ಕೂಡಿಕೆ ಮದ್ವೆ ಐತೆ, ಹೆಂಡ್ತಿ ಸತ್ತೋರು ಒಬ್ರು ಕೇಳ್ತವ್ರೆ. ಊರೋರು ಮೊದ್ಲು ಹೂಂ ಅಂದ್ರು. ಈ ಪಟ ಬಂದ್ಮೇಲೆ ಅತ್ತೆ ಎಲ್ರಿಗೂ ತೋರಿಸಿದ್ರು. ಗಂಡ ಬದುಕವ್ನೆ, ಬಾಯಿ ಬಿಡಂಗವ್ನೆ ನೋಡು, ಅದೆಂಗೆ ಹೋಗ್ತೀಯ ಅಂತಾರೆ. ನಿಜ ಬದುಕಿದ್ರೆ ಎಷ್ಟು ವರ್ಷಾನಾದ್ರೂ ಇರ್ತೀನಿ ಅಣ್ಣಾ. ನೀವು ಬರ್ದಿದ್ದಕ್ಕೆ ಇರು ಅಂದ್ರೆ ಎಂಗಿರ್ಲಿ?'

'ನಾನೇ, ತಾಯಿ' ಎಂದ ಹನುಮಂತರಾಯಪ್ಪ. 'ಕಿವಿ ನಾನೇ ಹರಿದದ್ದು.'

ಅವಳು ಅಳುತ್ತಾಳೆಂದುಕೊಂಡಿದ್ದ. ಅವಳು ಪಟವನ್ನು ಎತ್ತಿಕೊಂಡಳು, ಅಷ್ಟೆ. ಗಂಡ ಸತ್ತನೆಂಬ ಸುದ್ದಿ ಅವಳಿಗೆ ಈಗ, ಈ ಅಂಗಡಿಯಲ್ಲಿ, ತನ್ನ ಬಾಯಿಂದ ಬಂತೆಂದು ಅವನಿಗೆ ಹೊಳೆದದ್ದು ಆಮೇಲೆ. 'ಅಂಗಾರೆ ಬಂದು ಹೇಳಿ' ಎಂದಳು. 'ನಾ ಹೇಳಿದ್ರೆ, ಇವ್ಳಿಗೆ ಗಂಡ ಬ್ಯಾಡಾಗವ್ನೆ ಅಂತಾರೆ. ಅಣ್ಣ ಗಾಡಿ ತಂದವ್ನೆ, ಸಂತೆ ಮೈದಾನದಲ್ಲಿ ನಿಲ್ಸವ್ನೆ.'

ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ವೆಂಕಟರಾಯಪ್ಪ ಹೊರಗೆ ಬಂದ. 'ಏನಂತ ಹೇಳ್ತೀಯೋ ಹೋಗಿ? ವೆಂಕಟರಾಯಪ್ಪನ ಅಂಗಡೀಲಿ ಸುಳ್ಳು ಮುಖ ಮಾಡ್ಕೊಡ್ತಾರೆ ಅಂತಲಾ? ಕಲೆ ತಿದ್ದು ಅಂದ್ರೆ ಕಲೆ ತಿದ್ದೋದು ಬಿಟ್ಟು ಬ್ರಹ್ಮ ಆಗೋಕೆ ಹೋದ ಇವನು!' ಹನುಮಂತರಾಯಪ್ಪ ಪೆನ್ಸಿಲನ್ನು ಪೆಟ್ಟಿಗೆಯಲ್ಲಿಟ್ಟು, ಮದುವಣಿಗನ ಪ್ಲೇಟಿಗೆ ಬಟ್ಟೆ ಮುಚ್ಚಿ, ಕೋಟು ಹಾಕಿಕೊಂಡ. ಬ್ರಹ್ಮ ಎಂಬ ಮಾತು ಅವನಿಗೆ ಬೈಗುಳದಂತೆ ತಾಗಲಿಲ್ಲ, ತಾಗಲಿಲ್ಲವೆಂಬುದಕ್ಕೇ ನಾಚಿಕೆಯಾಯಿತು.

ಗಾಡಿಯಲ್ಲಿ ಪಿಳ್ಳಮ್ಮನ ಅಣ್ಣ ಚಿಕ್ಕವೆಂಕಟಪ್ಪ ಮುಂದೆ ಕೂತು ಹೊಡೆಯುತ್ತಿದ್ದ, ಅವಳು ಹಿಂದೆ ಪಟವನ್ನು ತೊಡೆಯ ಮೇಲೆ ಬೋರಲಾಗಿಟ್ಟುಕೊಂಡು ಕೂತಿದ್ದಳು. ರಾಗಿ ಹೊಲಗಳು ಎರಡೂ ಕಡೆ ಹರಡಿಕೊಂಡಿದ್ದಿರಬೇಕು. ಹನುಮಂತರಾಯಪ್ಪನ ಕಣ್ಣು ಎಡದ ಎತ್ತಿನ ಹೆಗಲಿನ ಹುಣ್ಣಿನ ಮೇಲೆ ಏಳುವ ಕೂರುವ ನೊಣಗಳನ್ನೇ ನೋಡುತ್ತಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಫೋಟೋದಲ್ಲಿ ಕಿವಿ ಇಡಿಯಾಗಿದೆ. ಆಂಜಿನಪ್ಪನ ಕಿವಿ ಹರಿದಿದೆ. ಆದ್ದರಿಂದ ಫೋಟೋದಲ್ಲಿರುವವನು ಆಂಜಿನಪ್ಪನಲ್ಲ. ಎಲ್ಲಿಯೂ ಬಿರುಕಿರಲಿಲ್ಲ. ಅಷ್ಟು ಚೊಕ್ಕವಾಗಿ ಕೂತದ್ದನ್ನು ನೋಡಿ ಒಂದು ಗಳಿಗೆ ನೆಮ್ಮದಿಯೇ ಆಯಿತು. ಬೂದಿಗೆರೆ ಹತ್ತಿರವಾದಾಗ ತಡೆಯಲಾರದೆ ಹಿಂದಕ್ಕೆ ತಿರುಗಿ, 'ನೀವು ಹೋದ ಮೇಲೆ ನಿಮ್ಮತ್ತೇನ ಯಾರು ನೋಡ್ಕೋತಾರಮ್ಮ?' ಎಂದ. 'ಅದೇ ಯೋಚ್ನೆ ಮಾಡ್ಕೊಂಡೇ ಇಷ್ಟು ದಿನ ಇದ್ದೆ' ಎಂದಳು ಪಿಳ್ಳಮ್ಮ.

ಮನೆಯ ಮುಂದಿನ ಜಗಲಿಯ ಮೇಲೆ ಮುನಿವೆಂಕಟಮ್ಮ ಕೂತಿದ್ದಳು. ಅವಳ ಮೈದುನ, ಊರಿನ ಹಿರಿಯ ಅಪ್ಪಯ್ಯಣ್ಣ, ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಸೊಸೆಯ ಕೈಯಲ್ಲಿ ಪಟ ಕಂಡದ್ದೇ ಮುದುಕಿ ಎದ್ದು ನಿಂತು, 'ಬೆಳಗಿಂದ ಹುಡುಕ್ತಿವ್ನಿ, ಎಲ್ಲಿಗೆ ಹೊತ್ಕೊಂಡೋಗಿದ್ಯೇ ನನ್ ಮಗುನ್ನ?' ಎಂದು ಕಿತ್ತುಕೊಂಡಳು. ಗಾಜನ್ನು ಸೆರಗಿನಿಂದ ಒರೆಸಿದಳು. ಹನುಮಂತರಾಯಪ್ಪ ಅಂಗಳದ ನಡುವೆ ನಿಂತುಕೊಂಡೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡದ್ದನ್ನು ಒಂದರ ಹಿಂದೆ ಒಂದರಂತೆ ಹೇಳಿದ. ಹೇಳುತ್ತಿರುವಾಗ ತನ್ನ ದನಿ ಪಾಠ ಒಪ್ಪಿಸುವ ಹುಡುಗನದರ ಹಾಗೆ ಕೇಳುತ್ತಿದೆಯೆನಿಸಿತು.

ಮುದುಕಿ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ. 'ಕಿವೀನಾ?' ಎಂದಳು. 'ದೊರೆಗಳ ಡಾಕ್ಟ್ರು ಕೈಕಾಲನ್ನೇ ಕತ್ತರ್ಸಿ ಹೊಲೀತಾರಂತೆ. ಒಂದು ಕಿವಿ ಹೊಲ್ಯಾಕೆ ಬರಲ್ವಾ ಅವ್ರಿಗೆ?'

ಅದನ್ನು ಹನುಮಂತರಾಯಪ್ಪ ಯೋಚಿಸಿಯೇ ಇರಲಿಲ್ಲ. ಹೊಲಿದಿದ್ದರೆ ಗುರುತು ಉಳಿಯುತ್ತದೆ, ಆದರೆ ಅಷ್ಟು ಸಣ್ಣ ಫೋಟೋದಲ್ಲಿ ಗುರುತು ಕಾಣುತ್ತದೆಯೇ, ಬಿಸಿಲು ಬಿದ್ದ ಕಡೆ ಗೆರೆ ಮುಚ್ಚಿಹೋಗಿರಬಹುದಲ್ಲವೇ. ಅವನ ಲೆಕ್ಕ ಒಂದೊಂದಾಗಿ ಕಳಚಿಕೊಳ್ಳತೊಡಗಿತು. ಅವನು ಪಿಳ್ಳಮ್ಮನ ಕಡೆ ನೋಡಿದ. ಅವಳ ಮುಖದಲ್ಲೂ ಅದೇ ಆಯಿತೋ ಏನೋ, ಅವನಿಗೆ ಓದಲು ಬರಲಿಲ್ಲ.

'ನಿಂಗೆ ಕಿವಿ ಕಾಣ್ತು ಕಣಪ್ಪ' ಎಂದಳು ಮುದುಕಿ. 'ನನ್ ಮಗ ಕಾಣ್ಲಿಲ್ಲ. ನಂಗೆ ಹೆತ್ತ ಮಗ ಕಾಣ್ತವ್ನೆ. ಅಷ್ಟೇಯ.'

ಅಪ್ಪಯ್ಯಣ್ಣ ಎಲೆಯಡಿಕೆಯ ರಸವನ್ನು ಅಂಗಳದಂಚಿಗೆ ಉಗಿದು ಬಂದ. ಈ ಮಾತು ಬೇಗ ಮುಗಿಯಲಿ ಎಂಬಂತಿತ್ತು ಅವನ ದನಿ. 'ಅತ್ತಿಗೆ, ಸುಮ್ಕಿರು. ಮಾಡ್ಕೊಟ್ಟೋನೇ ಬಂದು ಅಲ್ಲ ಅಂತವ್ನೆ. ಇನ್ನೆಷ್ಟು ವರ್ಷ ಅಂತ ಹೆಣ್ಣನ್ನ ಕಟ್ಟಿ ಹಾಕ್ಕೊಳದು? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮನೆತನಕ್ಕೇ ಕೆಟ್ಟೆಸ್ರು. ಕರ್ಕೊಂಡೋಗಪ್ಪ ಚಿಕ್ಕವೆಂಕಟಪ್ಪ.' ಅಪ್ಪಯ್ಯಣ್ಣನಿಗೂ ಕಿವಿ ಹೊಲಿದಿದ್ದರೂ ಒಂದೇ, ಹರಿದಿದ್ದರೂ ಒಂದೇ ಎಂದು ಹನುಮಂತರಾಯಪ್ಪನಿಗೆ ತಿಳಿಯಿತು. 'ಅಣ್ಣಾ, ಒಂದು ಮಾತು…' ಎಂದು ಶುರುಮಾಡಿದ. ಡಾಕ್ಟರು ಹೊಲಿದಿರಬಹುದು, ತನಗೆ ಖಂಡಿತವಾಗಿ ಗೊತ್ತಿಲ್ಲ ಎಂದು ಹೇಳಬೇಕೆಂದಿದ್ದ. ಪಿಳ್ಳಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಮಾತು ನುಂಗಿಕೊಂಡ. ಹಾಗೆ ನುಂಗಿಕೊಂಡದ್ದು ಅವಳ ಮೇಲಿನ ಕನಿಕರದಿಂದಲೋ, ಮತ್ತೊಮ್ಮೆ ಎಲ್ಲರ ಎದುರು ಪೆಚ್ಚಾಗುವ ಹೆದರಿಕೆಯಿಂದಲೋ ಅವನಿಗೇ ಗೊತ್ತಾಗಲಿಲ್ಲ.

ಅವಳು ಒಳಗೆ ಹೋಗಿ ಒಂದು ಗಂಟು ತಂದಳು. ಅತ್ತೆಯ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದಳು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. 'ಮಜ್ಜಿಗೆ ನೆಲುವಿನ ಮೇಲೈತೆ. ರಾಗಿ ಹಿಟ್ಟು ಬೀಸಿಟ್ಟಿವ್ನಿ, ಎಂಟು ದಿನಕ್ಕಾಯ್ತದೆ' ಎಂದಳು ಪಿಳ್ಳಮ್ಮ. ಗಾಡಿ ಹೊಸಕೋಟೆಯ ದಾರಿ ಹಿಡಿಯಿತು. ಹನುಮಂತರಾಯಪ್ಪನನ್ನು ದೇವನಹಳ್ಳಿಗೆ ಬಿಡುವ ಮಾತು ಯಾರಿಗೂ ನೆನಪಾಗಲಿಲ್ಲ, ಅವನೂ ನೆನಪಿಸಲಿಲ್ಲ. ಅಪ್ಪಯ್ಯಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ. ಅಂಗಳದಲ್ಲಿ ಇವನೂ ಜಗಲಿಯಲ್ಲಿ ಮುದುಕಿಯೂ ಉಳಿದರು. ತಾನು ಹೋಗಬೇಕು, ನಡೆದರೆ ಕತ್ತಲಾಗುವುದರೊಳಗೆ ಅರ್ಧ ದಾರಿ ಸಾಗಬಹುದು ಎಂದುಕೊಂಡ. ಅವಳು ಬೈದರೆ ಹೋಗಬಹುದಿತ್ತು.

ಹಿತ್ತಿಲಿನ ಕೊಟ್ಟಿಗೆಯಲ್ಲಿ ಹಸು ಕೂಗತೊಡಗಿತು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಬಿಡದೆ. ಮುದುಕಿ ಕೇಳದವಳ ಹಾಗೆ ಕೂತಿದ್ದಳು. ಕೊನೆಗೆ ಪಟವನ್ನು ಒಳಗಿಟ್ಟು ಬಂದು, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೊರಟವಳು, ತಿರುಗಿ ನೋಡದೆ, 'ಬಾ. ಕರ ಹಿಡ್ಕೊಳೋರಿಲ್ಲ' ಎಂದಳು. ಅವನು ಕೋಟು ಬಿಚ್ಚಿ ಜಗಲಿಯ ಮೇಲಿಟ್ಟು ಹಿಂದೆ ಹೋದ. ಕರು ಬಲವಾಗಿತ್ತು. ಕಣ್ಣಿ ಬಿಚ್ಚಿದ ಕೂಡಲೇ ತಾಯಿಯ ಕೆಚ್ಚಲಿಗೆ ನುಗ್ಗಿ, ಎರಡು ಗುಟುಕು ಕುಡಿಯಿತು, ಹಿಂದಕ್ಕೆ ಎಳೆದಾಗ ಅವನನ್ನೇ ಎಳೆದುಕೊಂಡು ಹೋಯಿತು. ಅವನು ಸಗಣಿಯಲ್ಲಿ ಮಂಡಿಯೂರಿ ಅದರ ಕತ್ತನ್ನು ತಬ್ಬಿಕೊಂಡ. ಮುದುಕಿ ಕುಕ್ಕರುಗಾಲಿನಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದಳು. ಬೆರಳ ಗೆಣ್ಣುಗಳು ಊದಿ ಬಿಗಿದಿದ್ದವು, ಮಡಿಚಲು ಬರುತ್ತಿರಲಿಲ್ಲ. ಹಸು ಕಾಲು ಝಾಡಿಸಿತು. ಅಭ್ಯಾಸವಿಲ್ಲದ ಕೈ ತಾಗಿ ಅದು ಹಾಲು ಇಳಿಸಲಿಲ್ಲ. ತಲೆ ತಿರುಗಿಸಿ ಬಾಗಿಲ ಕಡೆಗೇ ನೋಡುತ್ತ ಮತ್ತೆ ಕೂಗಿತು.

'ಏನೇ' ಎಂದಳು ಮುನಿವೆಂಕಟಮ್ಮ ಹಸುವಿಗೆ. ಹಣೆಯನ್ನು ಅದರ ಪಕ್ಕೆಗೆ ಒರಗಿಸಿದಳು. 'ಸಂತೆಗೋಗವ್ಳೆ ಕಣೇ. ಬರ್ತಾಳೆ. ಕತ್ಲಾಗದ್ರೊಳ್ಗೆ ಬಂದ್ಬಿಡ್ತಾಳೆ, ಇಳ್ಸು ಮಗ, ಇಳ್ಸು.' ಮತ್ತೆ ಮತ್ತೆ ಅದನ್ನೇ ಹೇಳುತ್ತ ಊದಿದ ಬೆರಳುಗಳಿಂದ ನೀವಿದಳು. ಹನುಮಂತರಾಯಪ್ಪ ಕರುವಿನ ಕತ್ತಿನಲ್ಲಿ ಮುಖವಿಟ್ಟುಕೊಂಡು ಕೇಳುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬರಿ ತಂಬಿಗೆಯ ತಳಕ್ಕೆ ಹಾಲಿನ ಮೊದಲ ಎಳೆ ಸರ್ರೆಂದು ಬಿದ್ದ ಸದ್ದು ಬಂತು.

'ಗಟ್ಟಿಯಾಗಿ ಹಿಡ್ಕೊ' ಎಂದಳು ಮುದುಕಿ.